ಸೇನೆ ವಾಪಸಾತಿಗೆ ಗಡುವು ಬೇಕೇ, ಬೇಡವೇ? ಇರಾಕ್ ಯುದ್ಧದ ಹೊತ್ತಿನ ಅಮೆರಿಕದ ಜಗಳ: ಪದೇ ಪದೇ ಕೇಳುವ ಪ್ರಶ್ನೆಗಳು

ಇರಾಕ್‌ನಿಂದ ಸೇನೆ ಯಾವತ್ತು ವಾಪಸ್ ಬರಬೇಕು ಅನ್ನೋದನ್ನು ಮೊದಲೇ ಬರೆದಿಡಬೇಕೇ? ಈ ಒಂದು ಪ್ರಶ್ನೆಗಾಗಿ ಅಮೆರಿಕದ ಎರಡು ಪಕ್ಷಗಳು, ರಿಪಬ್ಲಿಕನ್ ಮತ್ತು ಡೆಮಾಕ್ರಟಿಕ್, ವರ್ಷಗಟ್ಟಲೆ ಕಿತ್ತಾಡಿದವು. 2007ರಲ್ಲಿ ಅದು ತಾರಕಕ್ಕೆ ಹೋಯಿತು. ಆಮೇಲೆ ಅಫ್ಗಾನಿಸ್ತಾನದ ವಿಷಯದಲ್ಲೂ ಅದೇ ಮಾತುಗಳು ಕೇಳಿಬಂದವು, ಆಡುವ ಬಾಯಿಗಳು ಮಾತ್ರ ಬೇರೆಯಾಗಿದ್ದವು. ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಇಲ್ಲಿ ‘ಕಾಂಗ್ರೆಸ್’ ಎಂದು ಬಂದಲ್ಲೆಲ್ಲ ಅದು ಅಮೆರಿಕದ ಸಂಸತ್ತು. ನಮ್ಮ ಪಕ್ಷ ಅಲ್ಲ. ಅದಕ್ಕೆ ಎರಡು ಮನೆ: ಕೆಳಮನೆ, ಮತ್ತು ಸೆನೆಟ್ ಎಂಬ ಮೇಲ್ಮನೆ.

ಜಗಳ ಇದ್ದದ್ದು ನಿಜವಾಗಿ ಯಾವುದರ ಬಗ್ಗೆ?

ಮೇಲ್ನೋಟಕ್ಕೆ ಒಂದು ದಿನಾಂಕದ ಬಗ್ಗೆ. ಒಳಗಿದ್ದದ್ದು ಬೇರೆ. ಶುರುವಾದ ಯುದ್ಧವನ್ನು ಮುಗಿಸುವ ಅಧಿಕಾರ ಯಾರದ್ದು ಅನ್ನೋದೇ ಅಸಲಿ ಪ್ರಶ್ನೆ.

ಅಮೆರಿಕದ ಸಂವಿಧಾನ ಈ ಅಧಿಕಾರವನ್ನು ಎರಡು ಕಡೆ ಹಂಚಿದೆ. ಯುದ್ಧ ಘೋಷಿಸುವುದು, ಸೇನೆಗೆ ದುಡ್ಡು ಕೊಡುವುದು ಕಾಂಗ್ರೆಸ್‌ನ ಕೆಲಸ. ಅದರಲ್ಲೂ ಸೇನೆಗೆ ಒಂದು ಸಲಕ್ಕೆ ಎರಡು ವರ್ಷಕ್ಕಿಂತ ಜಾಸ್ತಿ ಅವಧಿಗೆ ದುಡ್ಡು ಮಂಜೂರು ಮಾಡುವಂತಿಲ್ಲ. ಆದರೆ ಸೇನೆಯ ಮಹಾದಂಡನಾಯಕ ಅಧ್ಯಕ್ಷ. ಸೈನಿಕರನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ದಿನ ನಿಲ್ಲಿಸಬೇಕು ಅಂತ ಹೇಳುವವನು ತಾನು ಅಂತ ಅಧ್ಯಕ್ಷ ಹೇಳುತ್ತಾನೆ. ದುಡ್ಡು ನಮ್ಮದು, ಹಾಗಾಗಿ ಷರತ್ತೂ ನಮ್ಮದೇ ಅಂತ ಕಾಂಗ್ರೆಸ್ ಹೇಳುತ್ತದೆ. ಎರಡು ಮಾತಿಗೂ ಸಂವಿಧಾನದಲ್ಲಿ ಆಧಾರ ಇದೆ.

ಯುದ್ಧಕ್ಕೆ ಒಪ್ಪಿಗೆ ಕೊಟ್ಟವರೇ ಆಮೇಲೆ ಗಡುವು ಕೇಳಿದರಾ?

ಅವರಲ್ಲಿ ಅನೇಕರು ಕೇಳಿದರು. 2002ರ ಅಕ್ಟೋಬರ್‌ನಲ್ಲಿ ಇರಾಕ್ ವಿರುದ್ಧ ಬಲ ಬಳಸಲು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್‌ಗೆ ಅನುಮತಿ ಸಿಕ್ಕಿತು. ಕೆಳಮನೆಯಲ್ಲಿ 296-133, ಸೆನೆಟ್‌ನಲ್ಲಿ 77-23. ಸೆನೆಟ್‌ನ ಡೆಮಾಕ್ರಟರಲ್ಲಿ 29 ಮಂದಿ ಪರವಾಗಿ ಮತ ಹಾಕಿದ್ದರು. ಹಿಲರಿ ಕ್ಲಿಂಟನ್, ಜಾನ್ ಕೆರ್ರಿ, ಜೋ ಬೈಡನ್, ಹ್ಯಾರಿ ರೀಡ್ ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ.

ಆ ಅನುಮತಿಯಲ್ಲಿ ಕೊನೆಯ ದಿನಾಂಕ ಇರಲಿಲ್ಲ. ಮುಂದಿನ ಗೋಳಿಗೆಲ್ಲ ಬೀಜ ಬಿದ್ದದ್ದು ಅಲ್ಲೇ ಅಂತ ನನಗೆ ಅನ್ನಿಸುತ್ತದೆ. ಹೊರಡುವ ದಿನ ‘ಎಲ್ಲಿಯವರೆಗೆ’ ಅಂತ ಕೇಳಿದ್ದರೆ ಅದು ಸಾಮಾನ್ಯ ಪ್ರಶ್ನೆ ಆಗುತ್ತಿತ್ತು. ನಾಲ್ಕು ವರ್ಷ ಆದ ಮೇಲೆ ಕೇಳಿದ್ದಕ್ಕೆ ಅದೇ ಪ್ರಶ್ನೆ ಸೋಲು ಒಪ್ಪಿಕೊಂಡಂತೆ ಕಂಡಿತು.

ಗಡುವಿನ ಮಾತಿಗೆ ಕಾವು ಬಂದದ್ದು ಯಾವಾಗ?

2005ರ ನವೆಂಬರ್ 17ರಂದು. ಪೆನ್ಸಿಲ್ವೇನಿಯಾದ ಡೆಮಾಕ್ರಟ್ ಜಾನ್ ಮರ್ಥಾ ಸೇನೆಯನ್ನು ವಾಪಸ್ ಕರೆಸಿಕೊಳ್ಳಬೇಕು ಎಂದರು. ಆರು ತಿಂಗಳಲ್ಲಿ ಅದು ಸಾಧ್ಯ ಅಂತಲೂ ಹೇಳಿದರು. ಮರ್ಥಾ ಶಾಂತಿವಾದಿ ಅಲ್ಲ. ಮರೀನ್ ಪಡೆಯಲ್ಲಿದ್ದು ವಿಯೆಟ್ನಾಂನಲ್ಲಿ ಹೋರಾಡಿ ಗಾಯಗೊಂಡವರು. ಇರಾಕ್ ಯುದ್ಧದ ಪರ ಮತ ಹಾಕಿದ್ದವರು. ಸೇನಾಧಿಕಾರಿಗಳು ನಂಬುತ್ತಿದ್ದ ಮನುಷ್ಯ. ಹಾಗಾಗಿ ಅವರ ಮಾತಿಗೆ ತೂಕ ಇತ್ತು.

ಮರುದಿನವೇ ರಿಪಬ್ಲಿಕನ್ನರು ಒಂದು ನಿರ್ಣಯ ತಂದರು. ಅದು ಮರ್ಥಾ ಬರೆದದ್ದಲ್ಲ. ‘ತಕ್ಷಣ’ ವಾಪಸಾತಿ ಅಂತ ಬರೆದ ಬೇರೆಯದೇ ನಿರ್ಣಯ. ಡೆಮಾಕ್ರಟರನ್ನು ಇಕ್ಕಟ್ಟಿಗೆ ಸಿಕ್ಕಿಸಲು ಮಾಡಿದ ಉಪಾಯ ಅದು. 403-3ರಲ್ಲಿ ಬಿದ್ದುಹೋಯಿತು. ಮರ್ಥಾ ಅವರೇ ಅದರ ವಿರುದ್ಧ ಮತ ಹಾಕಿದರು. ಆ ಚರ್ಚೆಯಲ್ಲಿ ಓಹಾಯೋದ ಹೊಸ ರಿಪಬ್ಲಿಕನ್ ಸದಸ್ಯೆ ಜೀನ್ ಸ್ಮಿಟ್, ಹೇಡಿಗಳು ಓಡಿಹೋಗುತ್ತಾರೆ, ಮರೀನ್‌ಗಳು ಹಾಗೆ ಮಾಡುವುದಿಲ್ಲ ಎಂಬ ಅರ್ಥದ ಮಾತಾಡಿದರು. ಸದನದಲ್ಲಿ ಗದ್ದಲವಾಯಿತು, ಮಾತು ವಾಪಸ್ ಪಡೆಯಬೇಕಾಯಿತು. ರಣರಂಗದಲ್ಲಿ ರಕ್ತ ಹರಿಸಿ ಬಂದವನಿಗೆ ಹಾಗೆ ಹೇಳಿದ್ದು ತಪ್ಪು. ಯುದ್ಧ ಎಲ್ಲಿಗೆ ಹೋಗುತ್ತಿದೆ ಅಂತ ಕೇಳಿದರೆ ಸೈನಿಕನಿಗೆ ಅಗೌರವ ಆಗುವುದಿಲ್ಲ.

2007ರಲ್ಲಿ ಆದದ್ದೇನು? ಸ್ವಲ್ಪ ಬಿಡಿಸಿ ಹೇಳಿ.

2006ರ ಫೆಬ್ರವರಿಯಲ್ಲಿ ಸಮರ್ರಾದ ಶಿಯಾ ಮಸೀದಿಯನ್ನು ಸ್ಫೋಟಿಸಿದ ಮೇಲೆ ಇರಾಕ್‌ನಲ್ಲಿ ಶಿಯಾ–ಸುನ್ನಿ ಕೊಲೆಗಳು ಮಿತಿ ಮೀರಿದವು. ನವೆಂಬರ್ ಚುನಾವಣೆಯಲ್ಲಿ ಅಮೆರಿಕದ ಮತದಾರರು ಡೆಮಾಕ್ರಟರಿಗೆ ಎರಡೂ ಮನೆ ಕೊಟ್ಟರು. ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಹುದ್ದೆ ಬಿಟ್ಟರು. ಡಿಸೆಂಬರ್‌ನಲ್ಲಿ ಜೇಮ್ಸ್ ಬೇಕರ್ ಮತ್ತು ಲೀ ಹ್ಯಾಮಿಲ್ಟನ್ ಅವರ ಸಮಿತಿ ವರದಿ ಕೊಟ್ಟಿತು. ಅದು ಎರಡೂ ಪಕ್ಷದವರಿದ್ದ ಸಮಿತಿ. 2008ರ ಮೊದಲ ಮೂರು ತಿಂಗಳ ಹೊತ್ತಿಗೆ ಕಾಳಗದ ದಳಗಳಲ್ಲಿ ಹೆಚ್ಚಿನವು ಹೊರಬರಬಹುದು ಎಂದು ಅದು ಹೇಳಿತು.

ಬುಷ್ ಇದಕ್ಕೆ ತದ್ವಿರುದ್ಧ ಮಾಡಿದರು. 2007ರ ಜನವರಿ 10ರಂದು ಇನ್ನೂ 20 ಸಾವಿರಕ್ಕಿಂತ ಹೆಚ್ಚು ಸೈನಿಕರನ್ನು ಕಳಿಸುವುದಾಗಿ ಘೋಷಿಸಿದರು. ಜನ ಅದನ್ನು ‘ಸರ್ಜ್’ ಎಂದು ಕರೆದರು. ಫೆಬ್ರವರಿಯಲ್ಲಿ ಕೆಳಮನೆ ಅದನ್ನು ಒಪ್ಪುವುದಿಲ್ಲ ಎಂದು 246-182ರಲ್ಲಿ ನಿರ್ಣಯ ಮಾಡಿತು. ಆದರೆ ಅದಕ್ಕೆ ಕಾನೂನಿನ ಬಲ ಇರಲಿಲ್ಲ.

ಆಮೇಲೆ ಡೆಮಾಕ್ರಟರು ದುಡ್ಡಿನ ಮಸೂದೆಗೇ ದಿನಾಂಕ ಸೇರಿಸಿದರು. ಮಾರ್ಚ್ 23ರಂದು ಕೆಳಮನೆಯಲ್ಲಿ 218-212ರಲ್ಲಿ ಗೆದ್ದಿತು. 2008ರ ಆಗಸ್ಟ್ ಒಳಗೆ ಕಾಳಗದ ಪಡೆಗಳು ಹೊರಬರಲೇಬೇಕು ಎಂದು ಅದರಲ್ಲಿ ಇತ್ತು. ಸೆನೆಟ್‌ನದು ಮೆದು. 2008ರ ಮಾರ್ಚ್ ಕೊನೆಯನ್ನು ‘ಗುರಿ’ ಎಂದಷ್ಟೇ ಹೇಳಿತು. ಅದು 51-47ರಲ್ಲಿ ಪಾಸಾಯಿತು. ಎರಡನ್ನೂ ಕೂಡಿಸಿ ಒಂದು ಮಸೂದೆ ಮಾಡಿದರು. 2007ರ ಅಕ್ಟೋಬರ್ 1ರೊಳಗೆ ವಾಪಸಾತಿ ಶುರುವಾಗಬೇಕು, ಆರು ತಿಂಗಳಲ್ಲಿ ಮುಗಿಯುವ ಗುರಿ ಇರಬೇಕು ಎಂಬುದು ಅದರ ಸಾರ.

ಮೇ 1ರಂದು ಬುಷ್ ವೀಟೊ ಹಾಕಿದರು. ನಾಲ್ಕು ವರ್ಷ ಮೊದಲು ಇದೇ ದಿನ ಅವರು ವಿಮಾನವಾಹಕ ಹಡಗಿನ ಮೇಲೆ ನಿಂತು ಇರಾಕ್‌ನಲ್ಲಿ ದೊಡ್ಡ ಕಾಳಗ ಮುಗಿಯಿತು ಎಂದಿದ್ದರು. ವೀಟೊಗೆ ಸಹಿ ಹಾಕಿದ ಪೆನ್ನನ್ನು ಇರಾಕ್‌ನಲ್ಲಿ ಸತ್ತ ಮರೀನ್ ಒಬ್ಬನ ತಂದೆ ಅವರಿಗೆ ಕೊಟ್ಟಿದ್ದರು. ಮಗನನ್ನು ಕಳೆದುಕೊಂಡ ಎಲ್ಲರೂ ಸೇನೆ ವಾಪಸ್ ಬರಲಿ ಎನ್ನುತ್ತಿರಲಿಲ್ಲ. ಅವನು ಸತ್ತದ್ದು ಸುಮ್ನೆ ಆಗಬಾರದು ಎನ್ನುವವರೂ ಇದ್ದರು. ಇನ್ನೊಂದು ಕಡೆ ಸಿಂಡಿ ಶೀಹನ್ ಇದ್ದರು. ಅವರೂ ಮಗನನ್ನು ಕಳೆದುಕೊಂಡವರೇ. 2005ರಲ್ಲಿ ಟೆಕ್ಸಸ್‌ನ ಕ್ರಾಫರ್ಡ್‌ನಲ್ಲಿ ಬುಷ್ ತೋಟದ ಹತ್ತಿರ ಬಿಡಾರ ಹೂಡಿ ಕುಳಿತಿದ್ದರು. ಇಬ್ಬರ ದುಃಖವೂ ಒಂದೇ, ಕೇಳಿದ್ದು ಮಾತ್ರ ಬೇರೆ. ಯಾವ ಪಕ್ಷಕ್ಕೂ ಹುತಾತ್ಮರ ಮನೆಯವರೆಲ್ಲ ನಮ್ಮ ಕಡೆ ಅಂತ ಹೇಳಿಕೊಳ್ಳುವ ಹಕ್ಕು ಇರಲಿಲ್ಲ.

ವೀಟೊ ಮುರಿಯಲು ಮೂರನೇ ಎರಡರಷ್ಟು ಮತ ಬೇಕು. ಮೇ 2ರಂದು ಕೆಳಮನೆಯಲ್ಲಿ ಸಿಕ್ಕಿದ್ದು 222-203. ಸಾಲಲಿಲ್ಲ. ಮೇ 24ರಂದು ದಿನಾಂಕ ಇಲ್ಲದ ಹೊಸ ಮಸೂದೆ ಪಾಸಾಯಿತು. ಗಡುವಿನ ಜಾಗದಲ್ಲಿ ಇರಾಕ್ ಸರ್ಕಾರ ಮಾಡಬೇಕಾದ 18 ಕೆಲಸಗಳ ಪಟ್ಟಿ ಬಂತು. ಸೆನೆಟ್‌ನಲ್ಲಿ 80-14. ವಿರುದ್ಧ ಮತ ಹಾಕಿದವರಲ್ಲಿ ಆಗ ಸೆನೆಟರ್ ಆಗಿದ್ದ ಒಬಾಮ ಮತ್ತು ಹಿಲರಿ ಕ್ಲಿಂಟನ್ ಇದ್ದರು. ಶೀಹನ್ ಡೆಮಾಕ್ರಟಿಕ್ ಪಕ್ಷಕ್ಕೆ ಬಹಿರಂಗವಾಗಿ ವಿದಾಯ ಹೇಳಿದರು.

ಯುದ್ಧದ ಮಸೂದೆಯಲ್ಲಿ ಪಾಲಕ್ ಸೊಪ್ಪು ಇತ್ತು ಅನ್ನೋದು ನಿಜವಾ?

ನಿಜ. ಕೆಳಮನೆಯ ಮೊದಲ ಮಸೂದೆಯಲ್ಲಿ ಪಾಲಕ್ ಬೆಳೆಗಾರರಿಗೆ 2.5 ಕೋಟಿ ಡಾಲರ್, ಶೇಂಗಾ ದಾಸ್ತಾನಿಗೆ 7.4 ಕೋಟಿ ಡಾಲರ್ ಸೇರಿಸಿದ್ದರು. ಅಳ್ಳಾಡುತ್ತಿದ್ದ ಸದಸ್ಯರನ್ನು ಒಲಿಸಿಕೊಳ್ಳಲು ಇದನ್ನೆಲ್ಲ ಹಾಕಿದ್ದಾರೆ ಅಂತ ರಿಪಬ್ಲಿಕನ್ನರು ದೂರಿದರು. ಅವರ ಆಕ್ಷೇಪ ಸರಿಯಾಗಿತ್ತು. ಅಷ್ಟು ಗಂಭೀರ ವಿಷಯಕ್ಕೆ ಆರು ಮತದ ಅಂತರದಲ್ಲಿ ಗೆಲ್ಲಲು ಇಂಥದ್ದನ್ನು ಜೊತೆಗಿಟ್ಟದ್ದು ಡೆಮಾಕ್ರಟರ ವಾದದ ಬಲವನ್ನೇ ಕುಗ್ಗಿಸಿತು.

ಗಡುವು ಬೇಡ ಎಂದವರ ವಾದ ಏನು?

ಶತ್ರುವಿಗೆ ನಾವು ಹೊರಡುವ ದಿನ ಗೊತ್ತಾದರೆ ಅವನು ಕಾದು ಕುಳಿತುಕೊಳ್ಳುತ್ತಾನೆ. ಇದು ಮೊದಲ ಮಾತು. ಬುಷ್ ಇದನ್ನೇ ಮತ್ತೆ ಮತ್ತೆ ಹೇಳಿದರು. ಎರಡನೆಯದು, ನಮ್ಮ ಜೊತೆ ನಿಂತ ಸ್ಥಳೀಯರ ಗತಿ. ಊರಿನ ಪೊಲೀಸ್ ಆಗಿ ಸೇರಿದವನು, ದುಭಾಷಿಯಾಗಿ ದುಡಿದವನು, ಅಮೆರಿಕದವರು ನಾಳೆ ಹೋಗುತ್ತಾರೆ ಅಂತ ತಿಳಿದರೆ ಇವತ್ತೇ ಬಾಯಿ ಮುಚ್ಚಿಕೊಳ್ಳುತ್ತಾನೆ. ಮೂರನೆಯದು, ಯುದ್ಧವನ್ನು ಕಾಂಗ್ರೆಸ್‌ನ 535 ಜನ ಸೇರಿ ನಡೆಸಲು ಆಗುವುದಿಲ್ಲ. ದಂಡನಾಯಕ ಒಬ್ಬನೇ ಇರಬೇಕು.

ಇವುಗಳಲ್ಲಿ ಎರಡನೆಯದು ನನ್ನನ್ನು ಹೆಚ್ಚು ತಟ್ಟುತ್ತದೆ. ಅಫ್ಗಾನಿಸ್ತಾನದಲ್ಲಿ ಆಮೇಲೆ ಅದು ಕಣ್ಣೆದುರೇ ನಡೆಯಿತು.

ಗಡುವು ಬೇಕು ಎಂದವರು ಏನು ಹೇಳಿದರು?

ಕೊನೆಯಿಲ್ಲದ ಆಸರೆ ಇದ್ದರೆ ಇರಾಕ್‌ನ ನಾಯಕರು ತಮ್ಮೊಳಗಿನ ಜಗಳ ಬಗೆಹರಿಸಿಕೊಳ್ಳುವುದಿಲ್ಲ ಎಂದರು. ಎಣ್ಣೆಯ ಆದಾಯವನ್ನು ಹೇಗೆ ಹಂಚಬೇಕು, ಪ್ರಾಂತ್ಯಗಳ ಚುನಾವಣೆ ಯಾವಾಗ, ಸದ್ದಾಂ ಹುಸೇನರ ಹಳೆಯ ಬಾತ್ ಪಕ್ಷದವರನ್ನು ಏನು ಮಾಡಬೇಕು, ಇವೆಲ್ಲ ಬಂದೂಕಿನಿಂದ ತೀರುವ ವಿಷಯಗಳಲ್ಲ. ಮಿಶಿಗನ್‌ನ ಕಾರ್ಲ್ ಲೆವಿನ್ ಸೆನೆಟ್‌ನಲ್ಲಿ ಇದನ್ನು ಬಿಡದೆ ಹೇಳುತ್ತಿದ್ದರು. ಅವರ ಮಾತಿಗೆ ಪುರಾವೆಯೂ ಸಿಕ್ಕಿತು. ಆ 18 ಕೆಲಸಗಳಲ್ಲಿ ಮೂರು ಮಾತ್ರ ಪೂರ್ತಿ ಆಗಿವೆ, ನಾಲ್ಕು ಅರ್ಧಂಬರ್ಧ, ಹನ್ನೊಂದು ಆಗಿಲ್ಲ ಎಂದು ಕಾಂಗ್ರೆಸ್‌ನ ಲೆಕ್ಕ ತನಿಖಾ ಸಂಸ್ಥೆ 2007ರ ಸೆಪ್ಟೆಂಬರ್‌ನಲ್ಲಿ ವರದಿ ಕೊಟ್ಟಿತು.

ಇನ್ನೊಂದು ವಾದ ಸೈನಿಕರ ದಣಿವಿನದು. ಒಬ್ಬನೇ ಎರಡು ಮೂರು ಸಲ ಇರಾಕ್‌ಗೆ ಹೋಗಿಬರುತ್ತಿದ್ದ. ಸೈನಿಕ ಎಷ್ಟು ಕಾಲ ಹೊರಗೆ ಇದ್ದನೋ ಕನಿಷ್ಠ ಅಷ್ಟು ಕಾಲ ಮನೆಯಲ್ಲಿ ಇರಬೇಕು ಎಂದು ವರ್ಜೀನಿಯಾದ ಜಿಮ್ ವೆಬ್ ತಿದ್ದುಪಡಿ ತಂದರು. ಅವರೂ ವಿಯೆಟ್ನಾಂನಲ್ಲಿ ಹೋರಾಡಿದವರು. ಸೆನೆಟ್‌ನಲ್ಲಿ 56 ಮತ ಬಂತು, ಚರ್ಚೆ ಮುಗಿಸಿ ಮುಂದೆ ಹೋಗಲು 60 ಬೇಕಿತ್ತು. ಬಿದ್ದುಹೋಯಿತು. ಗಡುವಿಗಿಂತ ಎಷ್ಟೋ ಮೆದುವಾದ, ಮನುಷ್ಯತ್ವದ ಪ್ರಸ್ತಾಪ ಅದು. ಅದನ್ನೂ ಪಕ್ಷದ ಕಣ್ಣಿನಲ್ಲೇ ನೋಡಿದರು ಅನ್ನೋದು ನನಗೆ ಬಹಳ ಬೇಸರದ ಸಂಗತಿ.

60 ಯಾಕೆ? 51 ಸಾಕಲ್ವಾ?

ಕಾನೂನು ಪಾಸಾಗಲು 51 ಸಾಕು. ಆದರೆ ಸೆನೆಟ್‌ನಲ್ಲಿ ಚರ್ಚೆ ನಿಲ್ಲಿಸಲು 60 ಬೇಕು. 2007ರ ಜುಲೈ 17ರಂದು ಸೆನೆಟ್‌ನಲ್ಲಿ ಡೆಮಾಕ್ರಟರ ನಾಯಕ ಹ್ಯಾರಿ ರೀಡ್ ಇಡೀ ರಾತ್ರಿ ಸದನ ನಡೆಸಿದರು. ಮಂಚಗಳನ್ನು ತಂದು ಹಾಕಿದ್ದರು. ಬೆಳಗ್ಗೆ ಗಡುವಿನ ಪರ 52 ಮತ, ವಿರುದ್ಧ 47. ಅಲ್ಲಿಗೆ ನಿಂತಿತು.

ಕಾಂಗ್ರೆಸ್ ಸುಮ್ನೆ ದುಡ್ಡು ನಿಲ್ಲಿಸಬಹುದಿತ್ತಲ್ಲ?

ನಿಲ್ಲಿಸಬಹುದಿತ್ತು. ಅದಕ್ಕೆ ಅಧ್ಯಕ್ಷರ ಸಹಿಯೂ ಬೇಕಿರಲಿಲ್ಲ. ಮಸೂದೆಯನ್ನೇ ಪಾಸು ಮಾಡದಿದ್ದರೆ ಆಗುತ್ತಿತ್ತು. ಆದರೆ ರಣರಂಗದಲ್ಲಿರುವ ಹುಡುಗರಿಗೆ ಗುಂಡು, ಊಟ, ಕವಚ ಇಲ್ಲದಂತೆ ಮಾಡಿದರು ಎಂಬ ಆರೋಪ ಹೊರಲು ಯಾರೂ ತಯಾರಿರಲಿಲ್ಲ. 2007ರ ಮೇ ತಿಂಗಳಲ್ಲಿ ಡೆಮಾಕ್ರಟ್ ಸೆನೆಟರ್ ರಸ್ ಫೈನ್‌ಗೋಲ್ಡ್ ಒಂದು ದಿನಾಂಕದ ನಂತರ ಯುದ್ಧದ ದುಡ್ಡು ನಿಲ್ಲಬೇಕು ಎಂದಾಗ ಸೆನೆಟ್‌ನಲ್ಲಿ ಸಿಕ್ಕಿದ್ದು 29 ಮತ.

ಹಿಂದೆ ಇದು ಆಗಿದೆ. 1973ರಲ್ಲಿ ಇಂಡೋಚೈನಾದಲ್ಲಿ (ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್) ಬಾಂಬ್ ಹಾಕಲು ಆಗಸ್ಟ್ 15ರ ನಂತರ ದುಡ್ಡಿಲ್ಲ ಎಂದು ಕಾಂಗ್ರೆಸ್ ಕಾನೂನು ಮಾಡಿತು. ಸೊಮಾಲಿಯಾದ್ದು ಇನ್ನೂ ಹತ್ತಿರದ ಉದಾಹರಣೆ. 1993ರ ಅಕ್ಟೋಬರ್‌ನಲ್ಲಿ ಮೊಗದಿಶುವಿನ ಕಾಳಗದಲ್ಲಿ 18 ಅಮೆರಿಕನ್ ಸೈನಿಕರು ಸತ್ತರು. 1994ರ ಮಾರ್ಚ್ 31ರ ನಂತರ ಅಲ್ಲಿನ ಸೇನಾ ಕಾರ್ಯಾಚರಣೆಗೆ ದುಡ್ಡಿಲ್ಲ ಎಂದು ಕಾಂಗ್ರೆಸ್ ಬರೆಯಿತು. ಆಗ ಅಧ್ಯಕ್ಷರು ಡೆಮಾಕ್ರಟಿಕ್ ಪಕ್ಷದ ಬಿಲ್ ಕ್ಲಿಂಟನ್. ಬೇಗ ಹೊರಬನ್ನಿ ಎಂದು ಒತ್ತಾಯಿಸಿದವರಲ್ಲಿ ರಿಪಬ್ಲಿಕನ್ ಜಾನ್ ಮೆಕೇನ್ ಮುಂದಿದ್ದರು. 2007ರಲ್ಲಿ ಇರಾಕ್ ಗಡುವನ್ನು ಗಟ್ಟಿಯಾಗಿ ವಿರೋಧಿಸಿದವರೂ ಅದೇ ಮೆಕೇನ್. ಸೊಮಾಲಿಯಾ ಬೇರೆ, ಇರಾಕ್ ಬೇರೆ, ನಿಜ. ಆದರೆ ಅಧ್ಯಕ್ಷರು ಯಾವ ಪಕ್ಷದವರು ಅನ್ನೋದರ ಮೇಲೆ ತತ್ವ ಬದಲಾಗುವುದನ್ನು ಈ ಇತಿಹಾಸದ ಉದ್ದಕ್ಕೂ ನೋಡಬಹುದು.

ಎಲ್ಲರೂ ಪಕ್ಷದ ಗೆರೆಯೊಳಗೇ ಇದ್ದರಾ?

ಇಲ್ಲ. ನಾರ್ತ್ ಕ್ಯಾರೊಲಿನಾದ ರಿಪಬ್ಲಿಕನ್ ವಾಲ್ಟರ್ ಜೋನ್ಸ್ ಅವರ ಕಥೆ ಹೇಳಲೇಬೇಕು. ಯುದ್ಧವನ್ನು ಫ್ರಾನ್ಸ್ ವಿರೋಧಿಸಿತು ಅಂತ 2003ರಲ್ಲಿ ಕೆಳಮನೆಯ ಕ್ಯಾಂಟೀನಿನಲ್ಲಿ ‘ಫ್ರೆಂಚ್ ಫ್ರೈಸ್’ ಹೆಸರನ್ನು ‘ಫ್ರೀಡಂ ಫ್ರೈಸ್’ ಎಂದು ಬದಲಾಯಿಸಲು ಓಡಾಡಿದವರಲ್ಲಿ ಅವರೂ ಒಬ್ಬರು. ಮರೀನ್‌ಗಳ ದೊಡ್ಡ ನೆಲೆ ಲೆಜೂನ್ ಇರುವುದು ಅವರ ಕ್ಷೇತ್ರದಲ್ಲೇ. ಸತ್ತ ಮರೀನ್ ಒಬ್ಬನ ಅಂತ್ಯಕ್ರಿಯೆಗೆ ಹೋಗಿಬಂದ ಮೇಲೆ ಅವರ ಮನಸ್ಸು ತಿರುಗಿತು. ತಮ್ಮ ಮತ ತಪ್ಪಾಗಿತ್ತು ಎಂದು ಬಾಯಿಬಿಟ್ಟು ಹೇಳಿದರು. ಸತ್ತ ಸೈನಿಕರ ಮನೆಯವರಿಗೆ ಸಾವಿರಾರು ಪತ್ರ ಬರೆದರು. 2007ರ ಮಾರ್ಚ್‌ನಲ್ಲಿ ಗಡುವಿನ ಪರ ಮತ ಹಾಕಿದ ಇಬ್ಬರು ರಿಪಬ್ಲಿಕನ್ನರಲ್ಲಿ ಅವರು ಒಬ್ಬರು. ಸೇನೆಯವರೇ ತುಂಬಿರುವ ಕ್ಷೇತ್ರದ ಜನ ಅವರನ್ನು ಸೋಲಿಸಲಿಲ್ಲ. 2019ರಲ್ಲಿ ತೀರಿಕೊಳ್ಳುವವರೆಗೂ ಸದಸ್ಯರಾಗಿದ್ದರು.

ಸೆನೆಟ್‌ನಲ್ಲಿ ರಿಪಬ್ಲಿಕನ್ ಪಕ್ಷದ ಚಕ್ ಹೇಗಲ್, ಗಾರ್ಡನ್ ಸ್ಮಿತ್ ಗಡುವಿನ ಕಡೆ ಬಂದರು. ಹಿಂದೆ ಡೆಮಾಕ್ರಟರ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಜೋ ಲೀಬರ್‌ಮನ್ ಬುಷ್ ಕಡೆ ನಿಂತರು. ಬಾರ್ಬರಾ ಲೀ, ಡೆನಿಸ್ ಕುಸಿನಿಚ್ ಅವರಂಥ ಡೆಮಾಕ್ರಟರು ಗಡುವಿನ ಮಸೂದೆಗೂ ಬೇಡ ಎಂದರು. ಯುದ್ಧಕ್ಕೆ ಇನ್ನೊಂದು ಡಾಲರ್ ಕೂಡ ಕೊಡಬಾರದು ಎಂಬುದು ಅವರ ನಿಲುವು.

ಸರ್ಜ್‌ನಿಂದ ಹಿಂಸೆ ಕಡಿಮೆ ಆಯಿತಲ್ಲ? ಹಾಗಾದರೆ ಬುಷ್ ಹೇಳಿದ್ದೇ ಸರಿ ಅಲ್ವಾ?

ಹಿಂಸೆ ಕಡಿಮೆ ಆಯಿತು. ಅದನ್ನು ಒಪ್ಪಲೇಬೇಕು. 2007ರ ಏಪ್ರಿಲ್‌ನಲ್ಲಿ ಹ್ಯಾರಿ ರೀಡ್ ಯುದ್ಧ ಸೋತಾಗಿದೆ ಎಂದಿದ್ದರು. ಮುಂದಿನ ವರ್ಷದ ಇರಾಕ್ ಆ ಮಾತಿಗೆ ಹೊಂದಲಿಲ್ಲ. ಆದರೆ ಕಾರಣ ಒಂದೇ ಅಲ್ಲ. ಅನ್ಬಾರ್ ಪ್ರಾಂತ್ಯದ ಸುನ್ನಿ ಬುಡಕಟ್ಟುಗಳು ಸರ್ಜ್‌ಗೂ ಮೊದಲೇ ಅಲ್ ಕೈದಾ ವಿರುದ್ಧ ತಿರುಗಿದ್ದವು. 2007ರ ಆಗಸ್ಟ್‌ನಲ್ಲಿ ಶಿಯಾ ನಾಯಕ ಮುಕ್ತದಾ ಅಲ್ ಸದರ್ ತಮ್ಮ ಪಡೆಗೆ ಕದನ ನಿಲ್ಲಿಸಲು ಹೇಳಿದರು. ಬಾಗ್ದಾದ್‌ನ ಎಷ್ಟೋ ಬಡಾವಣೆಗಳಲ್ಲಿ ಶಿಯಾಗಳು, ಸುನ್ನಿಗಳು ಅಷ್ಟರಲ್ಲಿ ಬೇರೆಬೇರೆ ಆಗಿಬಿಟ್ಟಿದ್ದರು. ಹೆಚ್ಚುವರಿ ಸೇನೆ ಮತ್ತು ಇರಾಕ್‌ನಲ್ಲಿ ಅಮೆರಿಕದ ಸೇನೆ ನಡೆಸುತ್ತಿದ್ದ ಜನರಲ್ ಪೆಟ್ರೇಯಸ್ ಅವರ ಹೊಸ ರೀತಿ ಇದರ ಜೊತೆಗೆ ಸೇರಿದವು. ಇದಕ್ಕೆ ತೆತ್ತ ಬೆಲೆಯೂ ಇದೆ. ಇಡೀ ಯುದ್ಧದಲ್ಲಿ ಅತಿ ಹೆಚ್ಚು ಅಮೆರಿಕನ್ ಸೈನಿಕರು ಸತ್ತ ವರ್ಷ 2007, ಸುಮಾರು 900 ಮಂದಿ.

ಇರಾಕಿನವರನ್ನು ಯಾರಾದರೂ ಕೇಳಿದರಾ?

ವಾಷಿಂಗ್ಟನ್‌ನ ಚರ್ಚೆಯಲ್ಲಿ ಅತಿ ಕಡಿಮೆ ಕೇಳಿದ ದನಿ ಅವರದ್ದೇ. 2007ರ ಮೇ ತಿಂಗಳಲ್ಲಿ ಇರಾಕ್ ಸಂಸತ್ತಿನ 275 ಸದಸ್ಯರಲ್ಲಿ 144 ಮಂದಿ ವಾಪಸಾತಿಗೆ ವೇಳಾಪಟ್ಟಿ ಬೇಕು ಎಂಬ ಮನವಿಗೆ ಸಹಿ ಹಾಕಿದ್ದರು. ಅರ್ಧಕ್ಕಿಂತ ಜಾಸ್ತಿ. ಅಮೆರಿಕದ ಪಕ್ಷಗಳು ಪರಸ್ಪರ ಬೈದಾಡುವ ಗದ್ದಲದಲ್ಲಿ ಅದು ಹೆಚ್ಚು ಸುದ್ದಿಯಾಗಲಿಲ್ಲ. ಯಾರ ಬೀದಿಯಲ್ಲಿ ಟ್ಯಾಂಕ್ ನಿಂತಿತ್ತೋ ಅವರ ಪ್ರತಿನಿಧಿಗಳ ಸಹಿ ಅದು. ಮೊದಲ ಪುಟದಲ್ಲಿ ಬರಬೇಕಿತ್ತು.

ಕೊನೆಗೆ ದಿನಾಂಕ ಗೊತ್ತು ಮಾಡಿದವರು ಯಾರು? ಒಬಾಮ ಅಲ್ವಾ?

ಬಹಳ ಜನ ಹಾಗೇ ತಿಳಿದಿದ್ದಾರೆ. ದಿನಾಂಕಕ್ಕೆ ಒಪ್ಪಿದ್ದು ಬುಷ್ ಸರ್ಕಾರ. 2008ರ ನವೆಂಬರ್ 17ರಂದು ಬಾಗ್ದಾದ್‌ನಲ್ಲಿ ಒಪ್ಪಂದಕ್ಕೆ ಸಹಿಯಾಯಿತು. 2009ರ ಜೂನ್ 30ರೊಳಗೆ ನಗರಗಳಿಂದ, 2011ರ ಡಿಸೆಂಬರ್ 31ರೊಳಗೆ ಇಡೀ ದೇಶದಿಂದ ಅಮೆರಿಕದ ಸೇನೆ ಹೊರಹೋಗಬೇಕು ಎಂದು ಅದರಲ್ಲಿ ಬರೆದಿತ್ತು. ಪಟ್ಟು ಹಿಡಿದವರು ಇರಾಕ್ ಪ್ರಧಾನಿ ನೂರಿ ಅಲ್ ಮಾಲಿಕಿ. ವಿಶ್ವಸಂಸ್ಥೆಯ ಅನುಮತಿ ಆ ವರ್ಷದ ಕೊನೆಗೆ ಮುಗಿಯುತ್ತಿತ್ತು. ಒಪ್ಪಂದ ಇಲ್ಲದಿದ್ದರೆ ಅಲ್ಲಿ ನಿಲ್ಲಲು ಅಮೆರಿಕಕ್ಕೆ ಕಾನೂನಿನ ಆಧಾರವೇ ಇರುತ್ತಿರಲಿಲ್ಲ.

ಒಬಾಮ ಅಧ್ಯಕ್ಷರಾದ ಮೇಲೆ ಕಾಳಗದ ಕೆಲಸ 2010ರ ಆಗಸ್ಟ್ 31ಕ್ಕೆ ಮುಗಿಯುತ್ತದೆ ಎಂದರು. 2011ರಲ್ಲಿ ಸ್ವಲ್ಪ ಸೇನೆ ಉಳಿಸುವ ಮಾತುಕತೆ ನಡೆಯಿತು. ಅಮೆರಿಕದ ಸೈನಿಕರನ್ನು ಇರಾಕ್ ಕೋರ್ಟುಗಳು ವಿಚಾರಿಸುವಂತಿಲ್ಲ ಎಂಬ ಷರತ್ತಿನ ಮೇಲೆ ಅದು ಮುರಿಯಿತು. ಕೊನೆಯ ಪಡೆ 2011ರ ಡಿಸೆಂಬರ್ 18ರಂದು ಕುವೈತ್ ಗಡಿ ದಾಟಿತು.

ಆ ಗಡುವಿನಿಂದಲೇ ಐಸಿಸ್ ಬೆಳೆಯಿತಾ?

2014ರ ಜೂನ್‌ನಲ್ಲಿ ಮೊಸುಲ್ ನಗರ ಐಸಿಸ್ ಕೈಗೆ ಬಿದ್ದಾಗ ರಿಪಬ್ಲಿಕನ್ನರು ಹೀಗೇ ಹೇಳಿದರು. ದಿನಾಂಕ ಬರೆದದ್ದು ಬುಷ್ ತಾನೇ ಅಂತ ಡೆಮಾಕ್ರಟರು ತಿರುಗಿಸಿದರು. ಅಮೆರಿಕದ ಸೇನೆ ಇಲ್ಲದ್ದರಿಂದ ಐಸಿಸ್‌ಗೆ ಹಾದಿ ಸಲೀಸಾಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಪಕ್ಕದ ಸಿರಿಯಾ ಹೊತ್ತಿ ಉರಿಯುತ್ತಿತ್ತು. ಮಾಲಿಕಿ ಸುನ್ನಿಗಳನ್ನು ದೂರ ತಳ್ಳಿದ್ದರು. ಸೇನೆಯಲ್ಲಿ ಭ್ರಷ್ಟಾಚಾರ ತುಂಬಿತ್ತು, ಮೊಸುಲ್‌ನಲ್ಲಿ ಅಧಿಕಾರಿಗಳೇ ಮೊದಲು ಓಡಿದರು. ಇದನ್ನೆಲ್ಲ ಬಿಟ್ಟು ಒಂದು ತಾರೀಖಿನ ತಲೆಗೆ ಪೂರ್ತಿ ಹೊರೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಅಫ್ಗಾನಿಸ್ತಾನದಲ್ಲಿ ಎರಡು ಪಕ್ಷಗಳೂ ಜಾಗ ಬದಲಿಸಿದವಾ?

ಬಹುಮಟ್ಟಿಗೆ ಹೌದು. 2009ರಲ್ಲಿ ಒಬಾಮ 30 ಸಾವಿರ ಸೈನಿಕರನ್ನು ಕಳಿಸುತ್ತಲೇ 2011ರ ಜುಲೈನಿಂದ ವಾಪಸಾತಿ ಶುರು ಎಂದಾಗ ರಿಪಬ್ಲಿಕನ್ನರು ಹಳೆಯ ವಾದವನ್ನೇ ಹೇಳಿದರು. 2020ರ ಫೆಬ್ರವರಿ 29ರಂದು ಟ್ರಂಪ್ ಸರ್ಕಾರವೇ ದೋಹಾದಲ್ಲಿ ತಾಲಿಬಾನ್ ಜೊತೆ 14 ತಿಂಗಳ ಗಡುವಿಗೆ ಸಹಿ ಹಾಕಿತು. ಕಾಬೂಲ್‌ನ ಸರ್ಕಾರ ಆ ಮೇಜಿನಲ್ಲಿ ಇರಲಿಲ್ಲ. ಬೈಡನ್ ಆ ದಿನಾಂಕವನ್ನು ಮುಂದೂಡಿದರು, ಆದರೆ ರದ್ದು ಮಾಡಲಿಲ್ಲ. 2021ರ ಆಗಸ್ಟ್ 15ರಂದು ಕಾಬೂಲ್ ಬಿತ್ತು. ಆಗಸ್ಟ್ 26ರಂದು ವಿಮಾನ ನಿಲ್ದಾಣದ ಬಾಗಿಲಲ್ಲಿ ಬಾಂಬ್ ಸಿಡಿದು 13 ಅಮೆರಿಕನ್ ಸೈನಿಕರು, ಸುಮಾರು 170 ಅಫ್ಗನ್ನರು ಸತ್ತರು.

ಇರಾಕ್‌ನ 2008ರ ಗಡುವನ್ನೂ ಇದನ್ನೂ ಒಟ್ಟಿಗೆ ಇಟ್ಟು ನೋಡಿ. ಅಲ್ಲಿ ಆ ದೇಶದ ಸರ್ಕಾರ ಚೌಕಾಸಿ ಮಾಡಿ, ಅದರ ಸಂಸತ್ತು ಮತ ಹಾಕಿ ಒಪ್ಪಿದ ದಿನಾಂಕ. ಮೂರು ವರ್ಷ ಸಮಯ ಇತ್ತು. ಇಲ್ಲಿ ಸರ್ಕಾರವನ್ನು ಹೊರಗಿಟ್ಟು ಅದರ ಶತ್ರುವಿನ ಜೊತೆ ಮಾಡಿಕೊಂಡ ದಿನಾಂಕ. ‘ಗಡುವು ಒಳ್ಳೆಯದಾ ಕೆಟ್ಟದಾ’ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಇದನ್ನೇ: ಯಾರ ಜೊತೆ ಕೂತು ಬರೆದದ್ದು?

ಭಾರತಕ್ಕೆ ಇಂಥ ಅನುಭವ ಇದೆಯೇ?

ಇದೆ. ಇರಾಕ್‌ಗೆ ಸೇನೆ ಕಳಿಸಿ ಎಂದು 2003ರಲ್ಲಿ ಅಮೆರಿಕ ನಮ್ಮನ್ನೂ ಕೇಳಿತ್ತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸುವುದಿಲ್ಲ ಎಂದು ವಾಜಪೇಯಿ ಸರ್ಕಾರ ಜುಲೈನಲ್ಲಿ ಹೇಳಿತು.

ಅದಕ್ಕೂ ಮೊದಲಿನದು ಶ್ರೀಲಂಕಾ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಆಗಿನ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದ ಬೆನ್ನಲ್ಲೇ ಭಾರತದ ಶಾಂತಿಪಾಲನಾ ಪಡೆ ಅಲ್ಲಿಗೆ ಹೋಯಿತು. ವಾಪಸಾತಿಯ ದಿನಾಂಕ ಇರಲಿಲ್ಲ. ಸಂಸತ್ತಿನ ಅನುಮತಿಯನ್ನೂ ಮೊದಲು ಪಡೆದಿರಲಿಲ್ಲ. ನಮ್ಮ ವ್ಯವಸ್ಥೆಯಲ್ಲಿ ಅದು ಸರ್ಕಾರದ್ದೇ ತೀರ್ಮಾನ. ಕೆಲವೇ ತಿಂಗಳಲ್ಲಿ ಎಲ್‌ಟಿಟಿಇ ಜೊತೆ ಯುದ್ಧವೇ ಶುರುವಾಯಿತು. ಸುಮಾರು 1,200 ಸೈನಿಕರು ಸತ್ತರು. ಗಡುವು ಹಾಕಿದ್ದು ಶ್ರೀಲಂಕಾದ ಹೊಸ ಅಧ್ಯಕ್ಷ ಪ್ರೇಮದಾಸ. 1989ರ ಜುಲೈ 29ರೊಳಗೆ ಹೊರಡಿ ಎಂದರು. ಅಷ್ಟರಲ್ಲಿ ಆಗಲಿಲ್ಲ. ವಿ.ಪಿ. ಸಿಂಗ್ ಸರ್ಕಾರ ಬಂದ ಮೇಲೆ 1990ರ ಮಾರ್ಚ್ 24ರಂದು ಕೊನೆಯ ತುಕಡಿ ಟ್ರಿಂಕೋಮಲಿ ಬಿಟ್ಟಿತು. ವಾಪಸ್ ಬಂದ ಸೈನಿಕರ ಸ್ವಾಗತಕ್ಕೆ ಆಗಿನ ತಮಿಳುನಾಡು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಆ ಪಡೆ ಶ್ರೀಲಂಕಾದ ತಮಿಳರನ್ನೇ ಕೊಂದಿದೆ ಎಂಬುದು ಅವರ ಕಾರಣ. ಸೈನಿಕರು ಆಜ್ಞೆಯಂತೆ ಹೋಗಿದ್ದರು, ಆಜ್ಞೆಯಂತೆ ಬಂದಿದ್ದರು. ಹೋಗಿ ಎಂದ ಸರ್ಕಾರ ಅಷ್ಟರಲ್ಲಿ ಅಧಿಕಾರದಲ್ಲಿ ಇರಲಿಲ್ಲ.